ಮೂರನೆಯ ಸಂದು

“ಈಗ ನಾನು ಮುಟ್ಟಿದ್ದು ಏನನ್ನ?”

ಹೇಯ್ಮೊ ಇದನ್ನು ಗಟ್ಟಿಯಾಗಿಯೇ ಕೇಳಿದ್ದ. ಪ್ರಯೋಗಾಲಯದ ಅಳತೆಯ ಕೋಣೆಯಲ್ಲಿ ಅವನನ್ನು ಬಿಟ್ಟರೆ ಯಾರೂ ಇರಲಿಲ್ಲ. ಕೇಳಿದ ಮೇಲೆ ಆ ದನಿ ಬೇರೆ ಯಾರದೋ ಅನಿಸಿ, ಬಲಗೈಯ ತೋರುಬೆರಳನ್ನು ದೀಪಕ್ಕೆ ಹಿಡಿದು ನೋಡಿದ. ಬೆರಳಿಗೆ ಏನೂ ಆಗಿರಲಿಲ್ಲ, ಕೆಂಪಗೆ ಕೂಡ ಆಗಿರಲಿಲ್ಲ. ಹೇನು ಕುಕ್ಕಿದಷ್ಟು ಸಣ್ಣ ಸದ್ದು, ಮುಳ್ಳು ತಾಗಿ ಬಿಟ್ಟಂಥ ಒಂದು ಚುಚ್ಚು, ಅಷ್ಟೇ. ಚಳಿಗಾಲದಲ್ಲಿ ಇಂಥದ್ದು ದಿನಕ್ಕೆ ಹತ್ತು ಸಲ ಆಗುತ್ತದೆ; ಕಾರಿನ ಬಾಗಿಲು ಮುಟ್ಟಿದರೆ, ನಲ್ಲಿ ಮುಟ್ಟಿದರೆ, ಹೆಂಡತಿಯ ಕೈ ಮುಟ್ಟಿದರೂ ಆಗುತ್ತದೆ. ಹೊರಗೆ ಸೊನ್ನೆಯಿಂದ ಇಪ್ಪತ್ತೆಂಟು ಕೆಳಗೆ. ಒಳಗಿನ ಗಾಳಿ ಹುರಿದ ಹಿಟ್ಟಿನ ಹಾಗೆ ಒಣಗಿತ್ತು. ಗಾಳಿಗೆ ತೇವ ಕೊಡುವ ಯಂತ್ರದಲ್ಲಿ ನೀರು ಮುಗಿದು ಅದು ಕುಂಯ್ ಕುಂಯ್ ಎಂದು ಕೂಗುತ್ತಿದ್ದುದರಿಂದಲೇ ಅವನು ಒಳಗೆ ಬಂದದ್ದು. ಬೂಟು ಹೊರಬಾಗಿಲಲ್ಲಿ ಬಿಟ್ಟಿದ್ದ, ಕೆಲಸದ ಚಪ್ಪಲಿ ಇನ್ನೂ ಕುಲುಮೆಯ ಕೋಣೆಯಲ್ಲಿತ್ತು. ಹೆಂಡತಿ ಐಲಾ ಹೆಣೆದುಕೊಟ್ಟ ಉಣ್ಣೆಯ ಕಾಲುಚೀಲದಲ್ಲೇ ಪ್ಲಾಸ್ಟಿಕ್ ಹಾಸಿನ ಮೇಲೆ ಸರಸರ ನಡೆದು ಬಂದಿದ್ದ. ನೀರು ತುಂಬಿಸಿ ಹೊರಟುಹೋಗಬೇಕಿತ್ತು. ನೀರು ತುಂಬಿಸಲೂ ಇಲ್ಲ. ಮೇಜಿನ ಮೇಲೆ ಸಂಶೋಧನಾ ವಿದ್ಯಾರ್ಥಿನಿ ಸಾನಾಳ ಚಿಕ್ಕ ಡಬ್ಬಿ ಇತ್ತು. ಮುಚ್ಚಳ ತೆರೆದ. ಕಪ್ಪು ಸ್ಪಂಜಿನಲ್ಲಿ ಲೋಹದ ಕಡ್ಡಿಗಳ ಕಾಲೂರಿ ಕೂತಿದ್ದ, ಹೆಬ್ಬೆರಳಿನ ಉಗುರಿನಷ್ಟು ಅಗಲದ ಎಲೆಕ್ಟ್ರಾನಿಕ್ ಚಿಪ್ಪನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದ. ಆಗ ಆ ಸದ್ದು. ತಕ್ಷಣ ಅದನ್ನು ಇದ್ದ ಹಾಗೇ ಸ್ಪಂಜಿಗೆ ಒತ್ತಿದ, ಮುಚ್ಚಳ ಮುಚ್ಚಿದ. ಎದುರು ಗೋಡೆಯ ಮೇಲೆ, ಕೊಕ್ಕೆಗೆ ನೇತುಹಾಕಿದ ಮಣಿಕಟ್ಟಿನ ಪಟ್ಟಿಯ ಮೇಲ್ಗಡೆ, ಅವನದೇ ದಪ್ಪ ಅಕ್ಷರದ ಕಾಗದ ಅಂಟಿತ್ತು: ‘ಮೊದಲು ಪಟ್ಟಿ, ಆಮೇಲೆ ಕೈ.’ ಪಟ್ಟಿಯಿಂದ ಇಳಿದ ತಂತಿ ಗೋಡೆಯೊಳಕ್ಕೆ ಹೋಗಿ ನೆಲ ಸೇರುತ್ತಿತ್ತು. ಮೈಯಲ್ಲಿ ಕೂಡಿಟ್ಟುಕೊಂಡ ವಿದ್ಯುತ್ತನ್ನೆಲ್ಲ ಮಣ್ಣಿಗೆ ಬಿಟ್ಟುಕೊಟ್ಟ ಮೇಲೆ ಮಾತ್ರ ಇಲ್ಲಿ ಯಾವುದನ್ನಾದರೂ ಮುಟ್ಟಬಹುದು. ಹೊಸಬರಿಗೆ ಇದನ್ನು ಹೇಳಿಕೊಡುವವನು ಅವನೇ.

ನೋಡಬೇಕು ಅನಿಸಿತ್ತು. ಆದರೆ ನೋಡಲು ಅಲ್ಲಿ ಏನಿತ್ತು? ಚಿಪ್ಪಿನ ಮೇಲೆ ಚಿನ್ನದ ಗೆರೆಗಳು, ಗೆರೆಗಳ ನಡುವೆ ಎಂಟು ಸಂದು, ಅದರಲ್ಲಿ ಮೂರನೆಯ ಸಂದಿನಲ್ಲಿ ಈ ದಡದಿಂದ ಆ ದಡಕ್ಕೆ ತೂಗುಬಿದ್ದ ಒಂದೇ ಒಂದು ಇಂಗಾಲದ ನಳಿಕೆ. ಕೂದಲೊಂದನ್ನು ಐವತ್ತು ಸಾವಿರ ಪಾಲು ಮಾಡಿದರೆ ಬರುವಷ್ಟು ಸಪೂರ. ಅದನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಕಾಣುತ್ತದೆ, ಆದರೆ ನೋಡಿದಷ್ಟು ಹೊತ್ತೂ ಅದರ ಮೇಲೆ ಮಸಿ ಕೂರುತ್ತದೆ, ನೋಡಿದರೆ ಮಾಸುವಂಥದ್ದು. ಹಾಗಾಗಿ ಸಾನಾ ಅದನ್ನು ಕಾಣದೆಯೇ ಗುರುತಿಸಿದ್ದಳು. ಲೇಸರ್ ಬೆಳಕು ತಾಗಿಸಿ, ಮರಳಿ ಬಂದ ಬೆಳಕಿನಲ್ಲಿ ಅದು ಉಸಿರಾಡುವ ಲಯ ಹಿಡಿದಿದ್ದಳು. ಎಳ್ಳಿನಷ್ಟು ಕರೆಂಟು ಹರಿಸಿ, ಪರದೆಯ ಮೇಲೆ ಗೆರೆ ಏರುವುದನ್ನೂ ಇಳಿಯುವುದನ್ನೂ ನೋಡಿ, ಒಂದೇ ಇದೆ, ಶುದ್ಧವಾಗಿದೆ, ಎಲ್ಲೂ ಮುರಿದಿಲ್ಲ ಎಂದು ತಿಳಿದಿದ್ದಳು. ಬೆಳೆಸಿದವನು ಹೇಯ್ಮೊ. ಚಿಪ್ಪಿನ ಮೇಲೆ ಕಬ್ಬಿಣದ ಸಣ್ಣ ಹುಡಿ ಕೂರಿಸಿ, ಗಾಜಿನ ಕೊಳವೆಯೊಳಗೆ ತಳ್ಳಿ, ಒಂಬೈನೂರು ಡಿಗ್ರಿಗೆ ಕುಲುಮೆ ಏರಿಸಿ, ಅನಿಲ ಬಿಟ್ಟು, ಹತ್ತು ನಿಮಿಷ ಕಾದು, ಆರಲು ಬಿಡುವುದು. ಹೀಗೆ ಇನ್ನೂರ ಹನ್ನೊಂದು ಸಲ, ಹದಿನಾಲ್ಕು ತಿಂಗಳು. ನಳಿಕೆ ಎಲ್ಲಿ ಬೇರು ಬಿಡುತ್ತದೆ, ಯಾವ ಕಡೆ ಚಾಚುತ್ತದೆ, ದಡ ಮುಟ್ಟುತ್ತದೋ ನಡುವೆಯೇ ಸುರುಳಿ ಸುತ್ತಿ ಬೀಳುತ್ತದೋ, ಅವನ ಕೈಯಲ್ಲಿ ಇರಲಿಲ್ಲ. ಇನ್ನೂರ ಹತ್ತು ಸಲ ಬಿದ್ದಿತ್ತು. ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಸಾನಾ ಪಡಸಾಲೆಯಲ್ಲಿ ಕಿರುಚಿಕೊಂಡು ಓಡಿಬಂದು ಅವನನ್ನು ಅಪ್ಪಿಕೊಂಡಿದ್ದಳು. “ಬಂತು! ಮೂರನೇ ಸಂದಲ್ಲಿ! ನೀನು ಬೆಳೆಸಿದ್ದು, ಹೇಯ್ಮೊ, ನೀನು!” ಅವನ ಪಂಥದ ಪ್ರಾರ್ಥನಾ ಮಂದಿರದಲ್ಲಿ ಎಲ್ಲರೂ ಎಲ್ಲರನ್ನೂ ಅಪ್ಪಿಕೊಳ್ಳುತ್ತಾರೆ, ಅಪ್ಪುಗೆ ಅವನಿಗೆ ಹೊಸದಲ್ಲ. ಆದರೆ ಅದು ‘ನೀನು’ ಎಂದು ಎರಡು ಸಲ ಹೇಳಿದ ಅಪ್ಪುಗೆ. ಐವತ್ತೇಳರ ವಯಸ್ಸಿನಲ್ಲಿ ಅವನು ಆ ಮಾತನ್ನು ಮಿಠಾಯಿಯ ಹಾಗೆ ಬಾಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಹೋಗಿದ್ದ, ಐಲಾಗೆ ಹೇಳಿರಲಿಲ್ಲ. ಹೆಮ್ಮೆ ಪಾಪ ಎಂದು ಅವನಿಗೆ ಗೊತ್ತಿತ್ತು. ಕಣ್ಣಿನ ಆಸೆ ಪಾಪ ಎಂದೂ ಗೊತ್ತಿತ್ತು. ಅದಕ್ಕೇ ಮನೆಯಲ್ಲಿ ಟೀವಿ ಇಟ್ಟವರಲ್ಲ. ಸೋಮವಾರ ಈ ಚಿಪ್ಪು ಸಾನಾಳ ಜೊತೆ ಕೋಪನ್‌ಹೇಗನ್‌ಗೆ ಹೋಗುವುದಿತ್ತು. ಅಲ್ಲಿ ಕಡುಚಳಿಯಲ್ಲಿಟ್ಟು ಅಳೆಯುವ ಶೀತಯಂತ್ರದಲ್ಲಿ ಎರಡು ವಾರದ ಸರದಿ ಸಿಕ್ಕಿತ್ತು. ಅಲ್ಲಿ ಅಳೆದದ್ದು ಅವಳ ಪ್ರಬಂಧದ ಕೊನೆಯ ಅಧ್ಯಾಯ, ಮೇ ತಿಂಗಳಿಗೆ ಅವಳ ಕೆಲಸದ ಅವಧಿ ಮುಗಿಯುತ್ತದೆ. ಹೊರಟುಹೋಗುವ ಮುಂಚೆ ಒಂದು ಸಲ ಕೈಯಲ್ಲಿ ಹಿಡಿದು ನೋಡೋಣ ಅನಿಸಿತ್ತು, ಅಷ್ಟೇ.

ಏನೂ ಆಗಿರಲಿಕ್ಕಿಲ್ಲ. ಕಿಡಿ ಚಿಪ್ಪಿನ ಅಂಚಿಗೆ ಬಿದ್ದಿರಬಹುದು, ಚೌಕಟ್ಟಿಗೆ ಬಿದ್ದಿರಬಹುದು. ಕೈಯಲ್ಲಿ ಹಿಡಿದದ್ದು ಎಡ ಮೂಲೆ. ಎಡ ಮೂಲೆಯ ಕಡ್ಡಿ ಯಾವ ಸಂದಿಗೆ ಹೋಗುತ್ತದೆ ಎಂದು ಅವನಿಗೆ ನೆನಪಿರಲಿಲ್ಲ, ಅಥವಾ ನೆನಪು ಮಾಡಿಕೊಳ್ಳಲಿಲ್ಲ. ಬಕೆಟ್ಟಿನಲ್ಲಿ ನೀರು ತಂದು ಯಂತ್ರ ತುಂಬಿಸಿದ. ಕೂಗು ನಿಂತಿತು. ಕುಲುಮೆಯ ಕೋಣೆಗೆ ಹೋಗಿ ಚಪ್ಪಲಿ ಹಾಕಿಕೊಂಡ. ಒಂಬತ್ತೂವರೆಗೆ ಸಾನಾ ಬಂದದ್ದು ಅವಳ ಹೆಜ್ಜೆಯಿಂದ ತಿಳಿಯಿತು, ಅವಳು ನಡೆಯುವುದೇ ಓಡಿದ ಹಾಗೆ. ಅಳತೆಯ ಕೋಣೆಯ ಬಾಗಿಲು ಹಾಕಿಕೊಂಡ ಸದ್ದು. ಆಮೇಲೆ ಒಂದು ಗಂಟೆ ಯಾವ ಸದ್ದೂ ಇಲ್ಲ. ಅವನು ಅನಿಲದ ಬಾಟಲಿಯ ಮುಳ್ಳು ನೋಡಿದ, ಬರೆದುಕೊಂಡ, ಬರೆದದ್ದನ್ನು ಮತ್ತೆ ನೋಡಿದ. ಬಾಯಲ್ಲಿ ಒಂದು ಪ್ರಾರ್ಥನೆ ತಾನಾಗಿ ಶುರುವಾಯಿತು, ಏನನ್ನು ಬೇಡುತ್ತಿದ್ದೇನೆಂದು ತಿಳಿದ ಕೂಡಲೆ ಅರ್ಧಕ್ಕೆ ನಿಂತಿತು. ಆದದ್ದು ಆಗದೆ ಇರಲಿ ಎಂದು ಬೇಡುವುದು ಮಕ್ಕಳ ಪ್ರಾರ್ಥನೆ.

ಕಾಫಿಯ ಹೊತ್ತಿಗೆ ಎಲ್ಲರೂ ಮೇಜಿನ ಸುತ್ತ ಇದ್ದರು. ಎಲ್ಲರೂ ಅಂದರೆ, ಗುಂಪಿನ ಮುಖ್ಯಸ್ಥ ಒಸ್ಸಿ, ಮಹಡಿಯ ಕಸ ಗುಡಿಸುವ ಕಾಯ್ಸು, ಮತ್ತು ಹೇಯ್ಮೊ. ಕಾಯ್ಸು ಅವನಿಗೆ ಕಾಫಿ ಸುರಿಯುತ್ತ ಅವನ ಕಾಲು ನೋಡಿದಳು.

“ಏನ್ ಹೇಯ್ಮೊ, ಕಾಲುಚೀಲದ ಹಿಮ್ಮಡಿ ತೂತಾಗಿದೆ. ಮನೇಲಿ ಹತ್ತು ಮಕ್ಕಳಿದಾರೆ, ಒಂದಕ್ಕೂ ಸೂಜಿ ಹಿಡಿಯಕ್ಕೆ ಬರಲ್ವಾ?”

“ಒಂಬತ್ತು,” ಅಂದ ಹೇಯ್ಮೊ.

“ಒಂಬತ್ತಕ್ಕೇ ನಿಂತಿತಾ? ಅಂತೂ ಗಂಡ ಹೆಂಡ್ತಿ ಆ ಕುಲುಮೆ ಆರಿಸಿದೀರಿ ಅನ್ನು!”

ಒಸ್ಸಿ ನಕ್ಕ. ಹೇಯ್ಮೊನೂ ನಕ್ಕ, ಇಪ್ಪತ್ತು ವರ್ಷದಿಂದ ಈ ಮೇಜಿನಲ್ಲಿ ಅವನು ಹೀಗೇ ನಕ್ಕಿದ್ದಾನೆ. ಕಾಯ್ಸು ಬಿಸ್ಕತ್ತು ಅದ್ದಿಕೊಳ್ಳುತ್ತ ಮುಂದುವರಿಸಿದಳು, “ಬೆಳಿಗ್ಗೆ ಬೆಳಿಗ್ಗೆ ಕಾಲುಚೀಲದಲ್ಲಿ ಬೆಕ್ಕಿನ ಥರ ಓಡಾಡ್ತಿದ್ದೆ. ನಾನು ಹೆದರ್ಕೊಂಡೆ, ಯಾರಪ್ಪಾ ಇದು ಅಂತ.” ಹೇಯ್ಮೊನ ಕೈಯಲ್ಲಿದ್ದ ಲೋಟ ತುಟಿಯ ಹತ್ತಿರ ನಿಂತಿತು. ಒಸ್ಸಿ ತಲೆ ಎತ್ತುತ್ತಾನೆ, ಎಲ್ಲಿ ಓಡಾಡ್ತಿದ್ದೆ ಎಂದು ಕೇಳುತ್ತಾನೆ, ಕೇಳಿದರೆ ಹೇಳಿಬಿಡುತ್ತೇನೆ ಎಂದು ಅವನು ಕಾದ. ಒಸ್ಸಿ ಫೋನು ನೋಡುತ್ತಿದ್ದ. ಆಗ ಸಾನಾ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಮುಖದಲ್ಲಿ ಏನೂ ಇರಲಿಲ್ಲ, ತೊಳೆದಿಟ್ಟ ತಟ್ಟೆಯ ಹಾಗೆ.

“ಹೋಯ್ತು,” ಅಂದಳು.

“ಯಾವುದು ಹೋಯ್ತು?” ಅಂದ ಒಸ್ಸಿ.

“ಮೂರನೇ ಸಂದು. ಗೆರೆ ಏಳ್ತಾನೇ ಇಲ್ಲ. ಸೊನ್ನೆ. ನಿನ್ನೆ ಸಾಯಂಕಾಲ ಚೆನ್ನಾಗಿತ್ತು, ಅಳತೆ ಮುಗಿಸಿ ನಾನೇ ಕೈಯಾರೆ ಸ್ಪಂಜಲ್ಲಿ ಇಟ್ಟಿದೀನಿ.” ಅವಳು ತನ್ನ ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಳು. “ಪಟ್ಟಿ ಕಟ್ಕೊಂಡಿದ್ದೆ. ಕಟ್ಕೊಂಡಿದ್ದೆ ಅಂತ ಅನ್ಸುತ್ತೆ. ಬಸ್ಸಿಗೆ ಹೊತ್ತಾಗಿತ್ತು, ಕೊನೇಲಿ ಒಂದ್ಸಲ ಬಿಚ್ಚಿಟ್ಟು ಆಮೇಲೆ... ನಂಗೊತ್ತಿಲ್ಲ. ನಾನೇ ಇರಬೇಕು. ಇನ್ಯಾರು ಇರ್ತಾರೆ?”

ಇನ್ಯಾರು ಇರ್ತಾರೆ ಎಂದಾಗ ಅವಳು ಯಾರ ಮುಖವನ್ನೂ ನೋಡಲಿಲ್ಲ. ಅದು ಪ್ರಶ್ನೆಯೇ ಅಲ್ಲ. ಹೇಯ್ಮೊ ಆಮೇಲೆ ಎಷ್ಟೋ ದಿನ ಇದನ್ನೇ ಆಸರೆಯಾಗಿ ಹಿಡಿದುಕೊಂಡ: ತನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಅವನ ನಾಲಿಗೆಗೆ ಬರುವುದೂ ಇಲ್ಲ. ಒಸ್ಸಿ ಎದ್ದು ಹೋಗಿ ಅವಳ ಭುಜದ ಮೇಲೆ ಕೈ ಇಟ್ಟು, “ಆಗುತ್ತೆ, ನಂಗೂ ಆಗಿದೆ, ಯಾರಿಗೆ ಆಗಿಲ್ಲ ಹೇಳು,” ಎಂದ. ಆ ಒಳ್ಳೆಯತನ ಅವಳ ತಪ್ಪಿಗೆ ಮುದ್ರೆ ಒತ್ತಿದ ಹಾಗಿತ್ತು. ಕಾಯ್ಸು ಅವಳಿಗೆ ಕಾಫಿ ಕೊಟ್ಟಳು. ಹೇಯ್ಮೊ ಕುರ್ಚಿ ಸರಿಸಿ ಜಾಗ ಮಾಡಿಕೊಟ್ಟ.

ಚಿಕ್ಕಂದಿನಲ್ಲಿ ಅವನ ಅಮ್ಮ ರಾತ್ರಿ ದೀಪ ಆರಿಸುವ ಮುಂಚೆ ಹನ್ನೊಂದು ಮಕ್ಕಳಿಂದಲೂ ಸಾಲಾಗಿ ಕ್ಷಮೆ ಕೇಳಿಸುತ್ತಿದ್ದಳು. ಒಬ್ಬರು ಇನ್ನೊಬ್ಬರ ಕತ್ತು ತಬ್ಬಿಕೊಂಡು, ‘ನನ್ನ ಪಾಪ ಕ್ಷಮೆಯಾಯ್ತು ಅಂತ ನಂಬಲಾ?’ ಎಂದು ಕೇಳಬೇಕು. ಕೇಳಿಸಿಕೊಂಡವರು, ‘ಎಲ್ಲಾ ಕ್ಷಮೆಯಾಯ್ತು, ನಂಬು, ಯೇಸುವಿನ ಹೆಸರಲ್ಲಿ, ರಕ್ತದಲ್ಲಿ,’ ಎನ್ನಬೇಕು. ಬೇರೆ ಉತ್ತರ ಇಲ್ಲ. ಯಾವ ಪಾಪ ಎಂದು ಕೇಳುವ ಹಾಗೂ ಇಲ್ಲ. ಅಣ್ಣ ಪೆಂಟ್ಟಿಗೆ ಸೋದರಮಾವ ಕೊಟ್ಟ ಚಾಕು ಒಂದಿತ್ತು, ಬರ್ಚ್ ಮರದ ಹಿಡಿ, ಹಿಡಿಯ ತುದಿಗೆ ಹಿತ್ತಾಳೆಯ ಬಿಲ್ಲೆ. ಹೇಯ್ಮೊ ಅದನ್ನು ಕೇಳದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ, ಕೊಟ್ಟಿಗೆಯ ಹಿಂದೆಯೋ ಬಾವಿಯ ದಾರಿಯಲ್ಲೋ ಕಳೆದುಕೊಂಡು ಬಂದಿದ್ದ. ಆ ರಾತ್ರಿ ಪೆಂಟ್ಟಿಯ ಕತ್ತು ತಬ್ಬಿ ಎಂದಿನ ಹಾಗೆ ಕೇಳಿದ. ಪೆಂಟ್ಟಿ ಆಕಳಿಸುತ್ತ ಎಂದಿನ ಹಾಗೆ ಕೊಟ್ಟ. ಹಗುರವಾಗಿ ನಿದ್ದೆ ಬಂತು. ಬೆಳಿಗ್ಗೆ ಎದ್ದು ಕಿಟಕಿಯಲ್ಲಿ ನೋಡಿದರೆ ಪೆಂಟ್ಟಿ ಕೊಟ್ಟಿಗೆಯ ಹಿಂದೆ ಮೊಣಕಾಲೂರಿ ಬರಿಗೈಯಲ್ಲಿ ಹಿಮ ತೋಡುತ್ತಿದ್ದ. ಒಂದು ಕಡೆ ತೋಡುವುದು, ಕೈಗೆ ಉಸಿರು ಊದಿಕೊಳ್ಳುವುದು, ಇನ್ನೊಂದು ಕಡೆ ತೋಡುವುದು. ಹೇಯ್ಮೊ ಗಂಜಿ ಕುಡಿಯುತ್ತ ಅದನ್ನು ನೋಡಿದ. ತನಗಾಗಲೇ ಕ್ಷಮೆ ಸಿಕ್ಕಾಗಿದೆಯಲ್ಲ, ಮತ್ತೆ ಹೇಳುವುದೇನು ಎಂದು ಅವನಿಗೆ ಅನಿಸಿತ್ತು. ಏಳು ವರ್ಷದ ಮಗುವಿನ ಲೆಕ್ಕ ಸರಿಯಾಗಿಯೇ ಇತ್ತು. ಈಗಲೂ ಅದರಲ್ಲಿ ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಅವನಿಂದ ಆಗುವುದಿಲ್ಲ. ಪೆಂಟ್ಟಿ ಸತ್ತು ಆರು ವರ್ಷವಾಯಿತು.

ಶುಕ್ರವಾರ ಸಾನಾ ಕೋಪನ್‌ಹೇಗನ್‌ಗೆ ಬರೆದು ಸರದಿ ಬಿಟ್ಟುಕೊಟ್ಟಳು. ಅರ್ಧ ಗಂಟೆಯೊಳಗೆ ಅದು ಬೇರೆ ಯಾರಿಗೋ ಹೋಯಿತು. ಅವತ್ತು ಸಂಜೆ ಹೇಯ್ಮೊ ಮನೆಗೆ ಹೋದಾಗ ಐಲಾ ಬಾರ್ಲಿ ರೊಟ್ಟಿ ತಟ್ಟುತ್ತಿದ್ದಳು. ಕೊನೆಯ ಇಬ್ಬರು ಹುಡುಗಿಯರು ಮೇಜಿನ ಕೆಳಗೆ ಬೆಕ್ಕಿನೊಡನೆ ಏನೋ ಪಂಚಾಯ್ತಿ ನಡೆಸಿದ್ದರು. ಅವನು ಕೋಟು ಬಿಚ್ಚದೆ ಹೆಂಡತಿಯ ಹಿಂದೆ ನಿಂತ.

“ಐಲಾ, ನನ್ನ ಪಾಪ ಕ್ಷಮೆಯಾಯ್ತು ಅಂತ ನಂಬಲಾ?”

ಅವಳು ತಿರುಗಿ ಹಿಟ್ಟಿನ ಕೈಗಳನ್ನು ಅವನ ಕೋಟಿಗೆ ತಾಗದ ಹಾಗೆ ಎತ್ತಿ ಹಿಡಿದು, ಮುಂಗೈಯಿಂದಲೇ ಅವನ ಕತ್ತು ಬಳಸಿದಳು. “ನಂಬು, ಎಲ್ಲಾ ಕ್ಷಮೆಯಾಗಿದೆ, ಯೇಸುವಿನ ಹೆಸರಲ್ಲಿ, ರಕ್ತದಲ್ಲಿ.” ಅವಳ ಕೂದಲಿಗೆ ಸುಟ್ಟ ಹಿಟ್ಟಿನ ವಾಸನೆ ಇತ್ತು. ಅವಳು ಅದನ್ನು ಹೇಳಿದ್ದು ಮನಸ್ಸಿನಿಂದಲೇ, ಮೂವತ್ತೆರಡು ವರ್ಷದಲ್ಲಿ ಒಂದು ಸಲವೂ ಬಾಯಿಮಾತಿಗೆ ಹೇಳಿದವಳಲ್ಲ. ಕೇಳು, ಏನು ಮಾಡಿದೆ ಎಂದು ಕೇಳು, ಎಂದು ಅವನು ಒಳಗೇ ಬೇಡಿಕೊಂಡ. ಅವಳು ಅವನ ಮುಖ ನೋಡಿ, ಏನೋ ಇದೆ ಎಂದು ತಿಳಿದು, ಕೇಳಬಾರದೆಂದು ಕೇಳಲಿಲ್ಲ. “ರೊಟ್ಟಿ ಬಿಸಿ ಇದೆ, ಬೆಣ್ಣೆ ಹಚ್ಕೊಂಡು ತಿನ್ನು,” ಅಂದಳು. ಅವನು ಬೆಣ್ಣೆ ಹಚ್ಚಿಕೊಂಡು ತಿಂದ. ಹಸಿವಾಗಿತ್ತು. ಹಸಿವಾದದ್ದಕ್ಕೂ ನಾಚಿಕೆಯಾಯಿತು. ಆ ಮಾತು ಬಾಲ್ಯದಿಂದ ಎಷ್ಟೋ ಸಲ ಅವನ ಎದೆಯ ಮೇಲಿನ ಕಲ್ಲನ್ನು ಎತ್ತಿಟ್ಟದ್ದುಂಟು. ಈ ಸಲ ಅದು ಬಂತು, ತನ್ನ ಕೆಲಸ ಮಾಡಿತು, ಹೋಯಿತು, ಕಲ್ಲು ಇದ್ದಲ್ಲೇ ಇತ್ತು. ಭಾನುವಾರ ಪ್ರಾರ್ಥನಾ ಮಂದಿರದಲ್ಲಿ ಹಿರಿಯರೊಬ್ಬರ ಹತ್ತಿರ ಮತ್ತೆ ಕೇಳಿದ. ಅವರೂ ಕೊಟ್ಟರು, ಬೆನ್ನು ತಟ್ಟಿ ಕೊಟ್ಟರು, ಕಣ್ಣಲ್ಲಿ ನೀರು ತಂದುಕೊಂಡು ಕೊಟ್ಟರು. ಕೊಡುವವರಿಗೆ ಬರವಿಲ್ಲ. ಈ ಸಲ ಪೆಂಟ್ಟಿಯ ಹಾಗೆ ಹಿಮ ತೋಡುತ್ತಿದ್ದವಳು ಇನ್ನೊಂದು ಕಡೆ ಇದ್ದಳು.

ಮರುವಾರ ಒಸ್ಸಿ ಅವನನ್ನು ಕರೆದ. “ಒಂದು ಉಪಕಾರ ಮಾಡು, ಮಾರಾಯ. ಸಾನಾ ಜೊತೆ ಒಂದು ಕಾಲು ಗಂಟೆ ಕೂತ್ಕೊಂಡು, ಪಟ್ಟಿ, ಸ್ಪಂಜು, ಚಿಪ್ ಹಿಡಿಯೋ ಕ್ರಮ, ಎಲ್ಲಾ ಇನ್ನೊಂದ್ಸಲ ಮೊದಲಿಂದ ಹೇಳ್ಕೊಡು. ನಾನು ಹೇಳಿದ್ರೆ ಬೈದ ಹಾಗಿರುತ್ತೆ. ನೀನು ಹೇಳಿದ್ರೆ ಅಪ್ಪ ಹೇಳಿದ ಹಾಗೆ.”

“ಅವಳಿಗೆ ಗೊತ್ತು,” ಅಂದ ಹೇಯ್ಮೊ.

“ಗೊತ್ತು. ಗೊತ್ತಿದ್ದೂ ಆಯ್ತಲ್ಲ. ಅದಕ್ಕೇ.”

ಇಲ್ಲಿ, ಈ ಮಾತಿನ ಕೊನೆಯಲ್ಲಿ, ಒಂದು ತೆರಪು ಇತ್ತು. ಕಿಟಕಿಯ ಆಚೆ ಹಿಮ ಗೋರುವ ಯಂತ್ರ ಹಿಂದಕ್ಕೆ ಸರಿಯುತ್ತ ಕೂಗುತ್ತಿತ್ತು. ಅದು ನಿಲ್ಲಲಿ, ನಿಂತ ಮೇಲೆ ಹೇಳುತ್ತೇನೆ ಎಂದುಕೊಂಡ. ಅದು ನಿಂತಿತು. “ಸರಿ,” ಅಂದ ಹೇಯ್ಮೊ, ಎದ್ದು ಬಂದ. ಅಳತೆಯ ಕೋಣೆಯಲ್ಲಿ ಸಾನಾಳನ್ನು ಕುರ್ಚಿಯಲ್ಲಿ ಕೂರಿಸಿ, ಏಳು ವರ್ಷದ ಹಿಂದೆ ಅವಳು ಮೊದಲ ದಿನ ಬಂದಾಗ ಹೇಳಿಕೊಟ್ಟದ್ದನ್ನೇ ಹೇಳಿಕೊಟ್ಟ. ಮೊದಲು ಪಟ್ಟಿ. ಚರ್ಮಕ್ಕೆ ತಾಗಬೇಕು, ಅಂಗಿಯ ತೋಳಿನ ಮೇಲೆ ಕಟ್ಟಿದರೆ ಆಗುವುದಿಲ್ಲ. ಆಮೇಲೆ ಮೇಜಿನ ಲೋಹವನ್ನು ಒಂದು ಸಲ ಮುಟ್ಟು. ಆಮೇಲೆ ಸ್ಪಂಜು. ಕಡ್ಡಿಗಳೆಲ್ಲ ಸ್ಪಂಜಿನಲ್ಲಿ ಇರುವಷ್ಟು ಹೊತ್ತು ಒಂದನ್ನೊಂದು ಕೈಹಿಡಿದುಕೊಂಡ ಹಾಗೆ, ಯಾವುದಕ್ಕೂ ಭಯವಿಲ್ಲ. ಹೊರಗೆ ತೆಗೆದ ಗಳಿಗೆಯಲ್ಲಿ ಒಂದೊಂದೂ ಒಂಟಿ. ಅವನ ದನಿ ನಡುಗಲಿಲ್ಲ. ತನ್ನ ದನಿ ಇಷ್ಟು ನೆಟ್ಟಗೆ ನಿಲ್ಲುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಸಾನಾ ಪ್ರತಿಯೊಂದಕ್ಕೂ ಹೂಂ, ಹೂಂ ಎನ್ನುತ್ತ, ಶಾಲೆಯಲ್ಲಿ ಶಿಕ್ಷೆಗೆ ನಿಂತವಳ ಹಾಗೆ ಮಾಡಿ ತೋರಿಸಿದಳು. ಅವಳ ಕೈ ಎಷ್ಟು ಚೊಕ್ಕವಾಗಿ ಚಲಿಸುತ್ತಿತ್ತೆಂದರೆ, ಆ ಕೈ ಜನ್ಮದಲ್ಲಿ ಈ ತಪ್ಪು ಮಾಡಲಾರದು ಎಂದು ಕುರುಡನಿಗೂ ತಿಳಿಯುತ್ತಿತ್ತು.

“ತಮಾಷೆ ಏನು ಗೊತ್ತಾ,” ಅಂದಳು ಪಟ್ಟಿ ಬಿಚ್ಚುತ್ತ. “ಅವತ್ತು ಕಟ್ಕೊಂಡಿದ್ದು ನನ್ನ ಕೈಗೆ ನೆನಪಿದೆ. ಚರ್ಮಕ್ಕೆ ತಣ್ಣಗೆ ತಾಗಿದ್ದು ಕೂಡ ನೆನಪಿದೆ. ಆದ್ರೆ ಅದು ಸುಳ್ಳು ನೆನಪು. ಅಂದ್ಮೇಲೆ ಬೇರೆ ಇನ್ನೇನೇನು ಸುಳ್ಳೋ. ಮನೇಲಿ ಒಲೆ ಆರಿಸಿದೀನಾ ಅಂತ ಮೂರು ಮೂರು ಸಲ ವಾಪಸ್ ಹೋಗ್ತೀನಿ ಈಗ. ಮೆಟ್ಟಿಲು ಇಳಿದು, ಮತ್ತೆ ಹತ್ತಿ. ಹುಚ್ಚು ಹಿಡೀತಾ ಅಂತ.” ನಕ್ಕಳು. “ನಗು, ಹೇಯ್ಮೊ. ನಗಬೋದು.”

ಅವನು ನಗಲಿಲ್ಲ. ನಗದೆ ಇದ್ದದ್ದೇ ತನ್ನ ಪಾಲಿನ ಸತ್ಯ ಎಂಬಂತೆ ಆ ಸಂಜೆಯೆಲ್ಲ ಅದನ್ನು ನೆನೆಸಿಕೊಂಡ.

ಆಮೇಲಿನ ದಿನಗಳಲ್ಲಿ ಅವನು ಕುಲುಮೆ ಆರಿಸಲೇ ಇಲ್ಲ ಎನ್ನಬಹುದು. ಒಂದು ಚಿಪ್ಪು ತಣಿಯುವ ಮುಂಚೆ ಇನ್ನೊಂದನ್ನು ಸಿದ್ಧಮಾಡುತ್ತಿದ್ದ. ಇನ್ನೂರ ಮೂವತ್ತು, ಇನ್ನೂರ ಮೂವತ್ತೊಂದು. ಅದೇ ಹುಡಿ, ಅದೇ ಅನಿಲ, ಅದೇ ಹತ್ತು ನಿಮಿಷ. ಇನ್ನೊಂದು ನಳಿಕೆ ಬಂದುಬಿಟ್ಟರೆ, ಒಂದೇ ಒಂದು, ಯಾವ ಸಂದಿನಲ್ಲಾದರೂ ಸರಿ, ಹೇಳುವ ಅಗತ್ಯವೇ ಬೀಳುವುದಿಲ್ಲ, ಅಥವಾ ಹೇಳುವುದು ಸುಲಭವಾಗುತ್ತದೆ. ದಡಕ್ಕೆ ದಡ ಕೂಡಿಸಿಕೊಟ್ಟು ಆಮೇಲೆ ಹೇಳಿದರೆ ಅವಳು ನಕ್ಕುಬಿಡುತ್ತಾಳೆ. ಕೆಲವು ಸಂದುಗಳಲ್ಲಿ ನಾಲ್ಕಾರು ನಳಿಕೆ ಒಟ್ಟಿಗೆ ಬಿದ್ದು ಕಗ್ಗಂಟಾಗಿತ್ತು. ಕೆಲವದರಲ್ಲಿ ಏನೂ ಇರಲಿಲ್ಲ. ಉರಿಯುವ ಗಾಜಿನ ಕೊಳವೆಯ ಬಾಯಲ್ಲಿ ಕಿತ್ತಳೆ ಬೆಳಕು ನೋಡುತ್ತ ಕೂತರೆ, ತಾನು ಇಲ್ಲಿ ಮಾಡುವುದು ಒಂದೂ ಇಲ್ಲ, ಬಾಗಿಲು ಮುಚ್ಚಿ ಕಾಯುವುದೊಂದೇ ಎನಿಸುತ್ತಿತ್ತು. ಮೊದಲಾದರೆ ಅದು ಅವನಿಗೆ ಇಷ್ಟವಾಗುತ್ತಿತ್ತು. ಬಿತ್ತುವುದಷ್ಟೇ ನಮ್ಮದು ಎಂದು ಐಲಾಗೆ ಹೇಳುತ್ತಿದ್ದ. ಈಗ ಆ ಕಾಯುವಿಕೆಯಲ್ಲಿ ಬೇಡಿಕೆ ಸೇರಿಕೊಂಡು ಅದು ಹುಳಿಯಾಗಿತ್ತು.

ಸೋಮವಾರ ಹನ್ನೊಂದರ ಸುಮಾರಿಗೆ ಸಾನಾ ಕುಲುಮೆಯ ಕೋಣೆಗೆ ಬಂದಳು. ಬಿಸಿಲು ಹಿಮದಿಂದ ಪುಟಿದು ಚಾವಣಿಗೆ ಬೀಳುತ್ತಿತ್ತು. ಅವಳ ಬಗಲಲ್ಲಿ ಎಂದಿನ ನೀಲಿ ನೋಟುಬುಕ್ಕು.

“ಹೇಯ್ಮೊ, ಎರಡು ನಿಮಿಷ ಬರ್ತೀಯಾ? ಇನ್ನೂರ ಮೂವತ್ತನೇದನ್ನ ಅಳೀಬೇಕು. ನೀನು ಏನೂ ಮಾಡೋದ್ ಬೇಡ, ಪಕ್ಕದಲ್ಲಿ ನಿಂತ್ಕೊಂಡು ನೋಡ್ತಾ ಇರು.”

ಅವನು ಹೋಗಿ ನಿಂತ. ಅವಳು ಕೊಕ್ಕೆಯಿಂದ ಪಟ್ಟಿ ತೆಗೆದು ಮಣಿಕಟ್ಟಿಗೆ ಸುತ್ತಿ ಬಿಗಿದಳು. ತಂತಿ ಎಳೆದು ನೋಡಿದಳು. ಮೇಜಿನ ಅಂಚು ಮುಟ್ಟಿದಳು. ಡಬ್ಬಿಯ ಕಡೆ ಹೋದ ಕೈ ಅರ್ಧದಲ್ಲಿ ನಿಂತಿತು.

“ಪಟ್ಟಿ ಕಟ್ಕೊಂಡಿದೀನಾ?” ಎಂದು ಕೇಳಿದಳು.

ಪಟ್ಟಿ ಅವಳ ಕಣ್ಣೆದುರಿಗೇ ಇತ್ತು. ಅವಳು ಅದನ್ನು ನೋಡುತ್ತಲೇ ಕೇಳಿದ್ದಳು.

“ಕಟ್ಕೊಂಡಿದೀಯ.”

“ಸರಿಯಾಗಿ ನೋಡಿ ಹೇಳು.”

“ಅವತ್ತೂ ಕಟ್ಕೊಂಡಿದ್ದೆ, ಸಾನಾ,” ಅಂದ ಹೇಯ್ಮೊ. ದನಿ ಈಗ ನೆಟ್ಟಗಿರಲಿಲ್ಲ. “ಅದು ನೀನಲ್ಲ. ನಾನು. ಬುಧವಾರ ಬೆಳಿಗ್ಗೆ ನೀನು ಬರೋಕೆ ಮುಂಚೆ, ಬರಿಗೈಲಿ, ಸ್ಪಂಜಿಂದ ಎತ್ತಿದ್ದೆ. ಚುರುಕ್ ಅಂತು. ಮತ್ತೆ ಅಲ್ಲೇ ಇಟ್ಟೆ.”

ಅವಳು ಪಟ್ಟಿ ಕಟ್ಟಿದ ಕೈಯಿಂದಲೇ ನೋಟುಬುಕ್ಕು ತೆರೆದು ಹಿಂದಿನ ಪುಟಗಳನ್ನು ಮಗುಚಿದಳು.

“ಎಷ್ಟು ಗಂಟೆಗೆ?”

“ಎಂಟಕ್ಕೆ ಕಾಲು ಗಂಟೆ ಇತ್ತು.”

“ಕಾಲಿಗೆ ಏನಿತ್ತು?”

“ಉಣ್ಣೆ ಕಾಲುಚೀಲ.”

“ಯಾವ ಕಡ್ಡಿ ತಾಗ್ತು?”

“ಎಡ ಮೂಲೇದು.”

“ಎಡ ಮೂಲೆ,” ಎಂದು ಬರೆದುಕೊಂಡಳು. “ಅದು ಮೂರಕ್ಕೇ ಹೋಗೋದು. ಯಾಕೆ ಎತ್ತಿದೆ?”

“ನೋಡೋಕೆ.”

“ನೋಡೋಕೆ ಏನಿತ್ತು ಅದ್ರಲ್ಲಿ?”

“ಏನೂ ಇರ್ಲಿಲ್ಲ.”

ಅವಳು ಆ ದಿನದ ಪುಟದಲ್ಲಿ ತಾನು ಬರೆದಿದ್ದ ಒಂದು ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ಒಂದೇ ಗೆರೆ, ಓದಲು ಬರುವ ಹಾಗೆ. ಆಮೇಲೆ ಬಲಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟು, ಊರಿಂದ ಬಂದ ನೆಂಟರನ್ನು ನೋಡುವ ಹಾಗೆ ಅದನ್ನೇ ನೋಡಿದಳು. ಹೇಯ್ಮೊನ ಎದೆಯಲ್ಲಿ ಏನೋ ಸಡಿಲವಾಯಿತು. ಇಷ್ಟೇ ಇತ್ತು, ಇಷ್ಟು ಹೇಳಲು ಇಷ್ಟು ದಿನ ಬೇಕಾಯಿತೇ ಎನಿಸಿ ಅವನ ಕಣ್ಣು ತುಂಬಿ ಬಂತು. ಆ ಹಗುರ ತನಗೆ ಬಂದ ಹೊತ್ತಿಗೇ ಅವಳ ಮುಖ ಗಟ್ಟಿಯಾಗುತ್ತಿರುವುದು ಕಂಡಿತು. ಎರಡೂ ಒಂದೇ ತಕ್ಕಡಿಯಲ್ಲಿದ್ದ ಹಾಗೆ.

“ಹತ್ತೊಂಬತ್ತು ದಿನ,” ಅಂದಳು. “ಅದೇ ಕುರ್ಚೀಲಿ ಕೂರಿಸಿ ನಂಗೆ ಪಾಠ ಹೇಳಿದೆ.”

“ಹೂಂ.”

“ಹೂಂ ಅಂತೆ.”

“ಒಸ್ಸಿಗೆ ನಾನೇ ಹೇಳ್ತೀನಿ. ಇವತ್ತೇ, ಈಗ್ಲೇ ಹೇಳ್ತೀನಿ. ಎಲ್ಲರ ಮುಂದೆ ಹೇಳ್ತೀನಿ. ಕೋಪನ್‌ಹೇಗನ್‌ಗೂ ಬರೀತೀನಿ.” ಅವನು ಎರಡು ಹೆಜ್ಜೆ ಹತ್ತಿರ ಬಂದ. ತೋಳುಗಳು ತಮ್ಮಷ್ಟಕ್ಕೆ ಅಭ್ಯಾಸದಂತೆ ಸ್ವಲ್ಪ ಮೇಲೆದ್ದದ್ದು ಅವನಿಗೆ ತಿಳಿದು, ಇಳಿಸಿಕೊಂಡ. “ಸಾನಾ. ಕ್ಷಮಿಸಿದೀನಿ ಅಂತ ಒಂದು ಮಾತು ಹೇಳ್ತೀಯಾ?”

ಅವಳು ಪಟ್ಟಿ ಬಿಚ್ಚಿದಳು. ನಿಧಾನವಾಗಿ ಕೊಕ್ಕೆಗೆ ಹಾಕಿದಳು.

“ನಮ್ಮಜ್ಜಿ ಮನೇಲೂ ಹೀಗೇ ಕೇಳ್ತಿದ್ರು. ಕೇಳಿದ ತಕ್ಷಣ ಹೇಳ್ಬೇಕು. ಹೇಳ್ದೆ ಇದ್ರೆ, ತಪ್ಪು ಮಾಡಿದವರು ಅಲ್ಲ, ಹೇಳದವರೇ ಕೆಟ್ಟವರು. ಅಲ್ವಾ?”

“ಹಾಗೇನಿಲ್ಲ, ಸಾನಾ...”

“ಹಾಗೇ. ಇಷ್ಟು ದಿನ ತಪ್ಪು ನನ್ನ ಹತ್ರ ಇತ್ತು. ಇವತ್ತು ವಾಪಸ್ ತಗೊಂಡ ಹಾಗೆ ಮಾಡಿ, ಮತ್ತೆ ನನ್ನ ಕೈಗೇ ಕೊಡಕ್ಕೆ ಬಂದಿದೀರಿ.”

ಬಂದಿದೀರಿ. ಈ ಕಟ್ಟಡದಲ್ಲಿ ಒಸ್ಸಿಗೂ ಯಾರೂ ‘ನೀವು’ ಎಂದವರಲ್ಲ. ತೆರಿಗೆ ಕಚೇರಿಯವರಿಗೆ, ದಾರಿ ಕೇಳುವ ಪರವೂರಿನ ಮುದುಕರಿಗೆ ಎನ್ನುವ ಮಾತು ಅದು. ಏಳು ವರ್ಷದಲ್ಲಿ ಮೊದಲ ಸಲ ಅವಳು ಅದನ್ನು ಅವನಿಗೆ ಅಂದಿದ್ದಳು, ಜೋರಾಗಿ ಅಲ್ಲ, ಮರ್ಯಾದೆಯಿಂದಲೇ. ಬಾಗಿಲು ಮುಚ್ಚಿದ ಹಾಗೆ ಅವನಿಗೆ ಅದು ಕೇಳಿಸಿತು. ಹುಟ್ಟಿದಂದಿನಿಂದ ಅವನು ಎಷ್ಟು ಸಾವಿರ ಸಲ ಈ ಪ್ರಶ್ನೆ ಕೇಳಿದ್ದನೋ. ಇದಕ್ಕೆ ಎರಡನೆಯ ಉತ್ತರವೂ ಒಂದಿದೆ ಎಂದು ಅವನಿಗೆ ಹೊಳೆದೇ ಇರಲಿಲ್ಲ.

“ಒಂದೇ ಮಾತು,” ಅಂದ. ತಾನು ಬೇಡುತ್ತಿದ್ದೇನೆಂದು ತಿಳಿದೂ ನಿಲ್ಲಿಸಲಾಗಲಿಲ್ಲ. “ಮನಸ್ಸಲ್ಲಿ ಇಲ್ದೆ ಇದ್ರೂ ಪರವಾಗಿಲ್ಲ. ಬರೀ ಬಾಯಿಮಾತಿಗೆ.”

“ಇಲ್ಲ,” ಅಂದಳು ಸಾನಾ. “ನಿಮಗೆ ನಾನು ಆ ಮಾತು ಹೇಳೋದಿಲ್ಲ.”